ಯಾವ ವಿಭಾಗ?

“ಎಲ್ಲ ಸರಿ ಮೇಡಂ, ಕೊನೆಗೂ ನಿಮ್ಮ ವಿಷಯ ಯಾವುದು?” ಆಯ್ಕೆ ಸಮಿತಿಯ ಅಧ್ಯಕ್ಷರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಎದುರಿಗೆ ಅವಳ ಲೇಖನಗಳ ಕಟ್ಟು. ಮೇಲಿನದು ಕಾರ್ಖಾನೆಯ ಕೂಲಿಯ ಬಗ್ಗೆ, ಅದರ ಕೆಳಗಿನದು ಮಕ್ಕಳ ಆಸ್ಪತ್ರೆಯ ಬಗ್ಗೆ, ಅದಕ್ಕೂ ಕೆಳಗೆ ಸಿಟಿ ಬಸ್ಸು. “ಅರ್ಥಶಾಸ್ತ್ರ ಅಂತ ಅರ್ಜಿಯಲ್ಲಿ ಬರೆದಿದ್ದೀರಿ. ಇವನ್ನು ನೋಡಿದರೆ ನನಗೆ ಅರ್ಥವೂ ಆಗ್ತಿಲ್ಲ, ಶಾಸ್ತ್ರವೂ ಕಾಣ್ತಿಲ್ಲ.”

ಸಮಿತಿಯವರೆಲ್ಲ ನಕ್ಕರು. ನಗದೆ ಕೂತಿದ್ದವರು ಒಬ್ಬರೇ, ಅವಳಿಗೆ ಪಿಎಚ್‌ಡಿ ಮಾಡಿಸಿದ ಗುರುಗಳು. ಈ ತಿಂಗಳು ಅವರು ನಿವೃತ್ತರಾಗುತ್ತಿದ್ದರು; ತೆರವಾಗುವ ಆ ಹುದ್ದೆಗೇ ಈ ಸಂದರ್ಶನ. ಬೆಳಿಗ್ಗೆ ಅವಳು ಇನ್ನೂ ತಲೆ ಬಾಚಿಕೊಳ್ಳುತ್ತಿದ್ದಾಗಲೇ ಫೋನ್ ಮಾಡಿದ್ದರು. “ವಿಷಯ ಯಾವುದು ಅಂತ ಕೇಳೇ ಕೇಳ್ತಾರೆ. ಕಾರ್ಮಿಕ ಅರ್ಥಶಾಸ್ತ್ರ ಅಂತ ಹೇಳಿ ಬಾಯಿ ಮುಚ್ಕೊಂಡು ಕೂತ್ಕೋ. ಉಳಿದಿದ್ದೆಲ್ಲ ಹವ್ಯಾಸ ಅಂದ್ಬಿಡು. ಮುಂದಿನದು ನಾನು ನೋಡ್ಕೋತೀನಿ.” ಅವಳು “ಆಗಲಿ ಸರ್” ಅಂದಿದ್ದಳು. ಅನ್ನದೆ ಏನು ಮಾಡಿಯಾಳು? ತಲೆಯಲ್ಲಿ ಬಿಳಿ ಕೂದಲು ಬಂದರೂ ಕೆಲಸ ಇನ್ನೂ ತಾತ್ಕಾಲಿಕ. ಅರ್ಥಶಾಸ್ತ್ರದವರು ಅವಳನ್ನು ಆಸ್ಪತ್ರೆಯವಳು ಅನ್ನುತ್ತಿದ್ದರು, ವೈದ್ಯರು ಲೆಕ್ಕದವಳು ಅನ್ನುತ್ತಿದ್ದರು. ವಯಸ್ಸಿನ ಮಿತಿ ನೋಡಿದರೆ ಇನ್ನೊಂದು ಸಂದರ್ಶನಕ್ಕೆ ಅವಕಾಶವಿರಲಿಲ್ಲ.

“ನನ್ನ ವಿಷಯ...” ಎಂದು ಶುರುಮಾಡಿದಳು. ಗುರುಗಳು ಮೇಜಿನಾಚೆಯಿಂದ, ಹೇಳು ಹೇಳು ಎಂಬಂತೆ ಕತ್ತು ಆಡಿಸಿದರು. ಆ ಎರಡು ಪದ ನಾಲಿಗೆಯ ತುದಿಯಲ್ಲೇ ಇದ್ದವು.

“ಸರ್, ನಾನು ಒಂದು ಹೊಲಿಗೆ ಕಾರ್ಖಾನೆಯಲ್ಲಿ ಶುರುಮಾಡಿದೆ. ಅಲ್ಲಿ ಕೆಲಸಕ್ಕೆ ಪದೇ ಪದೇ ತಪ್ಪಿಸಿಕೊಳ್ತಿದ್ದ ಹೆಂಗಸೊಬ್ಬಳಿದ್ದಳು. ಅವಳ ಕೂಲಿ ಯಾಕೆ ಏರ್ತಿಲ್ಲ ಅನ್ನೋದು ನನ್ನ ಪ್ರಶ್ನೆ. ಹಿಂದೆ ಹಿಂದೆ ಹೋಗಿ ನೋಡಿದರೆ, ಅವಳು ಉಬ್ಬಸದ ಮಗನನ್ನು ಕರ್ಕೊಂಡು ಆಸ್ಪತ್ರೆಗೆ ಹೋಗ್ತಿದ್ದಳು. ನಾನೂ ಹೋದೆ. ಕೆಲಸ ಮುಗಿಸಿ ಸಂಜೆ ಬಾ ಅಂತ ಡಾಕ್ಟರು ಎಷ್ಟು ಹೇಳಿದ್ರೂ ಅವಳು ಕೆಲಸ ಬಿಟ್ಟು ಬೆಳಿಗ್ಗೆಯೇ ಬರ್ತಿದ್ದಳು. ಯಾಕಮ್ಮ ಅಂತ ಕೇಳಿದರೆ, ಸಂಜೆ ಬಂದರೆ ವಾಪಸು ಹೋಗೋಕೆ ಬಸ್ಸಿಲ್ಲ ಅಂದಳು. ಅದಕ್ಕೇ ಬಸ್ ಡಿಪೋಗೆ ಹೋದೆ. ನಾನು ವಿಷಯ ಬದಲಾಯಿಸಲೇ ಇಲ್ಲ ಸರ್. ಅವಳು ವಿಭಾಗ ದಾಟಿ ಹೋದಳು, ನಾನು ಹಿಂದೆ ಹೋದೆ.”

ಯಾರೂ ನಗಲಿಲ್ಲ. ಯಾರೂ ಏನೂ ಕೇಳಲೂ ಇಲ್ಲ. “ಆಯ್ತು, ಹೊರಗೆ ಕೂತಿರಿ,” ಎಂದರು ಅಧ್ಯಕ್ಷರು.

ಹೊರಗಿನ ಬೆಂಚಿನ ಮೇಲೆ ಗಂಡ ಫ್ಲಾಸ್ಕು ಹಿಡಿದು ಕಾಯುತ್ತಿದ್ದ. ಶಾಲೆಯಲ್ಲಿ ಚಿತ್ರಕಲೆ ಮೇಷ್ಟ್ರು. ರಜೆ ಹಾಕಿ ಬಂದಿದ್ದ. ಅವಳ ಮುಖ ನೋಡಿದ್ದೇ ಮುಚ್ಚಳಕ್ಕೆ ಚಹಾ ಬಗ್ಗಿಸಿ ಕೊಟ್ಟ.

“ಹೇಳಿದೆಯಾ?”

“ಹೇಳಬೇಕು ಅಂತಲೇ ಇದ್ದೆ ಕಣ್ರೀ.”

“ಗೊತ್ತಿತ್ತು ಬಿಡು. ನಿನ್ನ ನಂಬಿ ಸುಳ್ಳು ಸಾಕ್ಷಿಗೆ ಕರೆಯೋಕಾಗತ್ತಾ?” ಅಂದ. “ನಮ್ಮತ್ತೆ ಮಗಳ ಮದುವೆಯಲ್ಲಿ ಊರಿನವರೆಲ್ಲ, ನಿನ್ನ ಹೆಂಡತಿ ಏನು ಪಾಠ ಮಾಡ್ತಾಳೆ ಅಂತ ಕೇಳಿದರು. ಒಬ್ಬರಿಗೆ ಕೂಲಿ ಅಂದೆ, ಒಬ್ಬರಿಗೆ ಆಸ್ಪತ್ರೆ ಅಂದೆ, ಇನ್ನೊಬ್ಬರಿಗೆ ಬಸ್ಸು ಅಂದೆ. ಊಟಕ್ಕೆ ಕೂತಾಗ ಎಲ್ಲರೂ ಸೇರಿ, ಪಾಪ ಇವನಿಗೆ ಮೂವರು ಹೆಂಡಿರು ಅಂತ ತೀರ್ಮಾನ ಮಾಡಿದ್ರು.” ಅವಳು ಅಳುವುದಕ್ಕೆಂದು ಇಟ್ಟುಕೊಂಡಿದ್ದ ಉಸಿರು ನಗುವಾಗಿ ಹೊರಬಿತ್ತು, ಚಹಾ ಸೆರಗಿನ ಮೇಲೆ ಚೆಲ್ಲಿತು.

ಬಾಗಿಲು ತೆರೆದುಕೊಂಡಿತು. ಗುರುಗಳು ಒಬ್ಬರೇ ಬಂದು ಇಬ್ಬರ ನಡುವೆ ಧೊಪ್ಪನೆ ಕೂತರು. ಅವರಿಗೆ ಸಿಟ್ಟು ಬಂದಾಗ ಕಿವಿ ಕೆಂಪಾಗುತ್ತಿತ್ತು, ಈಗಲೂ ಆಗಿತ್ತು. “ಇನ್ನೊಬ್ಬನಿಗೆ ಕೊಟ್ಟರು. ಒಳ್ಳೆಯವನೇ. ಹುಟ್ಟಿದಾಗಿಂದ ಬಡ್ಡಿ ದರ ಬಿಟ್ಟು ಬೇರೆ ಮಾತಾಡಿಲ್ಲ.” ಗಂಡ ಮುಚ್ಚಳಕ್ಕೆ ಬಗ್ಗಿಸಿ ಅವರಿಗೂ ಚಹಾ ಕೊಟ್ಟ. “ಎರಡೇ ಎರಡು ಪದ ಹೇಳು ಅಂದೆ. ಗಿಣಿ ಕೂಡ ಹೇಳ್ತಿತ್ತು. ನನ್ನ ಮಗಳಾಗಿದ್ದರೆ ಕಿವಿ ಹಿಂಡ್ತಿದ್ದೆ.”

“ಕ್ಷಮಿಸಿ ಸರ್. ನಿಮ್ಮ ಮಾತು ಉಳಿಸಲಿಲ್ಲ.”

ಅವರು ಒಂದು ಗುಟುಕು ಕುಡಿದರು. ಮೆಟ್ಟಿಲ ಕೆಳಗಿಂದ ಅವರ ಡ್ರೈವರು ಇಣುಕಿ, ಗಾಡಿ ತರಲೇ ಎಂದು ಸನ್ನೆ ಮಾಡಿದ. ಗುರುಗಳು ಬೇಡವೆಂದು ಕೈಯಾಡಿಸಿದರು. ಒಳಗೆ ಕುರ್ಚಿಗಳನ್ನು ಎಳೆಯುವ ಸದ್ದು, ಯಾರೋ ಗೆದ್ದವನಿಗೆ ಫೋನಿನಲ್ಲಿ ಅಭಿನಂದನೆ ಹೇಳುವ ಸದ್ದು. ಮುಚ್ಚಳದೊಳಗಿನ ಚಹಾವನ್ನೇ ನೋಡುತ್ತ ಅವರು ಮೆಲ್ಲಗೆ ಕೇಳಿದರು:

“ಅಲ್ಲಾ, ಸಂಜೆ ಆ ಕಡೆಗೆ ಬಸ್ಸು ಯಾಕಿಲ್ಲ?”

ಅವಳು ತಿರುಗಿ ನೋಡಿದಳು. ಇಷ್ಟು ವರ್ಷದಲ್ಲಿ ಆ ಬಸ್ಸಿನ ಲೇಖನದ ಬಗ್ಗೆ ಅವರು ಕೇಳಿದ ಮೊದಲ ಪ್ರಶ್ನೆ ಅದು. “ಅದು ದೊಡ್ಡ ಕಥೆ ಸರ್. ನಿಮ್ಮ ವಿಭಾಗಕ್ಕೆ ಸೇರಿದ್ದಲ್ಲ.”

“ಮುಂದಿನ ತಿಂಗಳಿಂದ ನನಗೂ ಯಾವ ವಿಭಾಗವೂ ಇಲ್ಲಮ್ಮ,” ಎಂದು ಅವರು ಬೆಂಚಿಗೆ ಒರಗಿದರು. “ನಿಧಾನವಾಗಿ ಹೇಳು.”