ವಂದನಾರ್ಪಣೆಯಲ್ಲಿ ಬಿಟ್ಟ ಹೆಸರು

“ಕೊನೆಯದಾಗಿ, ಮಂಡಾಲೆಯಲ್ಲಿ ಚಹಾದಂಗಡಿ ನಡೆಸುವ ಖಿನ್ ಮ್ಯಾ ಅವರಿಗೆ ನನ್ನ ವಂದನೆಗಳು,” ಎಂದು ಉಪೇಂದ್ರ ಸಿಂಗಾಪುರದ ಬಿಶಾನ್‌ನ ತನ್ನ ಅಡುಗೆಮನೆಯಲ್ಲಿ ನಿಂತು ಓದಿ ಮುಗಿಸಿದ. ಹತ್ತು ಗಂಟೆಗೆ ಅವನ ಸಂಸ್ಥೆಯಲ್ಲಿ ಸೆಮಿನಾರು. ಸೈನ್ಯದ ಆಳ್ವಿಕೆಯಲ್ಲಿ ಬರ್ಮಾ ತನ್ನ ಮಾರುಕಟ್ಟೆ ತೆರೆದಿತ್ತಲ್ಲ, ತೊಂಬತ್ತಾರನೇ ಇಸವಿಯ ಹೊತ್ತಿಗೆ ಅದರಿಂದ ಜನರಿಗೆ ಲಾಭವೆಷ್ಟು, ನಷ್ಟವೆಷ್ಟು ಎಂದು ಅವನು ತೂಗಿ ಹೇಳಬೇಕಿತ್ತು. ಆದರೆ ಪ್ರಬಂಧಕ್ಕಿಂತ ವಂದನಾರ್ಪಣೆಯನ್ನೇ ಹೆಚ್ಚು ಸಲ ತಿದ್ದಿದ್ದ. ಮೈಸೂರಿನವನಲ್ಲವೇ? ಕನ್ನಡ ಸಂಘದ ಸಭೆಯಲ್ಲಿ ಮೈಕಿನವನಿಗೂ ಕುರ್ಚಿ ಜೋಡಿಸಿದವನಿಗೂ ಹೆಸರು ಹಿಡಿದು ವಂದಿಸದೆ ಕೆಳಗಿಳಿದವನಲ್ಲ ಅವನು.

ದೋಸೆ ಮಗುಚುತ್ತಿದ್ದ ಹೆಂಡತಿ ಶಾಮಲಾ ತಿರುಗಿ ನೋಡಿದಳು. “ಮಗನ್ನ ಸೈನ್ಯದವರು ರೋಡ್ ಕೆಲಸಕ್ಕೆ ಎಳ್ಕೊಂಡ್ ಹೋದ್ರು ಅಂದಿದ್ರಲ್ಲ, ಅವರೇ ತಾನೆ?”

“ಹೂಂ. ಹೊಸ ಹೋಟೆಲಿಗೆ ರೋಡು, ಕೂಲಿ ಮಾತ್ರ ಇಲ್ಲ. ಆದ್ರೆ ಅಂಗಡಿ ಇಡೋಕೆ ಬಿಟ್ಟಿದ್ದೂ ಇದೇ ಜನರಲ್‌ಗಳು ಅಂತ ಅವರೇ ಹೇಳಿದ್ರು. ಎರಡೂ ಒಬ್ಬರ ಬಾಯಲ್ಲೇ ಸಿಕ್ತು ನೋಡು. ಪೇಪರಿನ ಜೀವಾಳ ಅದು.”

“ಬರ್ಮಾ ಎಂಬಸಿಯವರೂ ಬರ್ತಾರಾ?”

“ನಾವೇ ಇನ್ವೈಟ್ ಮಾಡಿದೀವಿ. ಫ್ರಂಟ್ ರೋನಲ್ಲೇ ಕೂರ್ತಾರೆ.”

“ಅವರೆದುರಿಗೆ ಆಕೆ ಹೆಸರು, ಊರು, ಅಂಗಡಿ ಎಲ್ಲಾ ಹೇಳ್ತೀರಾ?”

ಉಪೇಂದ್ರ ಹಾಳೆಯನ್ನು ಮಡಚಿ ಜೇಬಿಗಿಟ್ಟ. ಉಪಕಾರ ಸ್ಮರಿಸುವ ಉತ್ಸಾಹದಲ್ಲಿ ಆಕೆಯನ್ನು ಹಿಡಿದುಕೊಡಲು ಹೊರಟಿದ್ದ. ದೋಸೆಯನ್ನು ಅಲ್ಲೇ ಬಿಟ್ಟು ಟ್ಯಾಕ್ಸಿ ಹಿಡಿದ.

ಸಂಸ್ಥೆ ತಲುಪಿದ್ದೇ ನಿರ್ದೇಶಕ ಬದರಿನಾಥರ ಕೋಣೆಗೆ ನುಗ್ಗಿದ. “ಸರ್, ಆ ಚಹಾದಂಗಡಿಯವರ ಮಾತು ಇರ್ಲಿ, ಹೆಸರು ಬೇಡ.”

ಬದರಿನಾಥರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಹೆಸರಿಲ್ಲದ ಮಾತು ಬರೀ ಹರಟೆ ಆಗುತ್ತೆ ಕಣಯ್ಯ. ಯಾರು ಹೇಳಿದ್ದು ಅಂತ ಮೊದಲನೇ ಪ್ರಶ್ನೆಗೇ ನಿನ್ನ ಬಾಯಿ ಮುಚ್ಚಿಸ್ತಾರೆ. ಹೆಸರು ಹೇಳು, ಇಲ್ಲ ಆ ಪ್ಯಾರಾ ಡ್ರಾಪ್ ಮಾಡು. ಇಲ್ಲಿನ ರೂಲ್ ನಿನಗೂ ಗೊತ್ತು.”

“ಹೊಗಳಿದವರ ಹೆಸರೆಲ್ಲಾ ಇದೆ ಸರ್. ನೋವು ಹೇಳ್ಕೊಂಡಿದ್ದು ಆಕೆ ಒಬ್ಬರೇ.”

“ಹೊಗಳಿದವರಿಗೆ ಹೆಸರು ಕೊಡೋಕೆ ಭಯ ಇರಲ್ಲ,” ಎಂದು ಬದರಿನಾಥರು ಮೆಲ್ಲಗೆ ಹೇಳಿದರು. ಅವರೇನೂ ಕೆಟ್ಟವರಲ್ಲ. ಆದರೆ ನಿಯಮ ಬದಲಾಯಿಸುತ್ತೇನೆ ಎಂದೂ ಹೇಳಲಿಲ್ಲ.

ಉಪೇಂದ್ರ ಆ ಪ್ಯಾರಾ ಬಿಟ್ಟು ಓದಿದ. ಅಂಗಡಿಗಳು ತುಂಬಿದ್ದು, ಹೋಟೆಲುಗಳು ಎದ್ದದ್ದು, ಹೊರಗಿನ ಬಂಡವಾಳ ಬಂದದ್ದು ಎಲ್ಲಕ್ಕೂ ಅಂಕಿಅಂಶವಿತ್ತು, ಸಾಕ್ಷಿಯಾಗಿ ದೊಡ್ಡವರ ಹೆಸರುಗಳಿದ್ದವು. ಅದ್ಯಾವುದೂ ಸುಳ್ಳಲ್ಲ. ಕೂಲಿಯಿಲ್ಲದೆ ಕಲ್ಲು ಒಡೆದವರ ಅಂಕಿಅಂಶ ಮಾತ್ರ ಯಾವ ಇಲಾಖೆಯಲ್ಲೂ ಇರಲಿಲ್ಲ. ಕೊನೆಗೆ ಲಾಭವೇ ಹೆಚ್ಚೆಂದು ಓದುವಾಗ ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು. ಸಚಿವರಿಗೂ ಬ್ಯಾಂಕಿನವರಿಗೂ ವಂದಿಸಿ ಇಳಿದಾಗ ಸಭೆ ಜೋರಾಗಿಯೇ ಚಪ್ಪಾಳೆ ತಟ್ಟಿತು.

ಕಾಫಿಯ ಹೊತ್ತಿನಲ್ಲಿ ಎಂಬಸಿಯ ಹಿರಿಯ ಅಧಿಕಾರಿ ತಾವಾಗಿ ಬಂದು ಕೈಕುಲುಕಿದರು. ಇಂಗ್ಲಿಷು ಸೊಗಸಾಗಿತ್ತು, ನಗೆಯೂ ಅಷ್ಟೇ.

“ಬಹಳ ಸಮತೂಕದ ಪ್ರಬಂಧ. ಒಂದೇ ಕೊರತೆ ಅಂದರೆ, ನಮ್ಮ ಸಾಮಾನ್ಯ ಜನ ಅದರಲ್ಲಿ ಒಬ್ಬರೂ ಇಲ್ಲ. ಮಂಡಾಲೆಯವರೆಗೂ ಹೋಗಿದ್ದಿರಂತೆ. ಅಲ್ಲಿ ಯಾರ ಜೊತೆಯೂ ಮಾತಾಡಲಿಲ್ಲವೇ?”

ಅವರ ಕೈಯಲ್ಲಿದ್ದ ತನ್ನ ಕೈಯನ್ನು ಉಪೇಂದ್ರ ಹಿಂದಕ್ಕೆಳೆದುಕೊಳ್ಳಲಿಲ್ಲ.

“ಇಲ್ಲ ಸರ್,” ಎಂದ. “ಅಲ್ಲಿ ನನಗೆ ಯಾರ ಪರಿಚಯವೂ ಇಲ್ಲ.”