ತಿದ್ದಿಕೊಟ್ಟ ಪುಟ

ತಪ್ಪು ಹುಡುಕುವುದನ್ನೇ ಓದು ಎಂದು ನೀವೂ ನಂಬಿದ್ದೀರಲ್ಲವೇ? ನಾನು ನಂಬಿದ್ದೆ.

ಇಂಗ್ಲಿಷ್ ತಿದ್ದಲೆಂದು ನನಗೆ ಕಳುಹಿಸಿದ್ದ ಮಹಾಪ್ರಬಂಧವನ್ನು ಒಯ್ಯಲು ಆ ಸಂಶೋಧಕಿ ತನ್ನ ಮಾರ್ಗದರ್ಶಕರೊಂದಿಗೆ ಬಂದಳು. ಅವಳ ಎಡಗೈಗೆ ಪ್ಲಾಸ್ಟರ್ ಹಾಕಿತ್ತು.

"ಮೇಡಂ, ಕೃತಜ್ಞತೆಯ ಪುಟವನ್ನೂ ಓದಿದಿರಾ?" ಎಂದು ಮೆಲ್ಲಗೆ ಕೇಳಿದಳು.

"ಓದದೆ ತಿದ್ದಲಾಗುತ್ತದೆಯೇನಮ್ಮಾ? ಒಂದೇ ಪುಟದಲ್ಲಿ ಒಂಬತ್ತು ತಪ್ಪು! ಅಲ್ಪವಿರಾಮಗಳನ್ನು ಒಗ್ಗರಣೆಗೆ ಸಾಸಿವೆ ಹಾಕಿದಂತೆ ಎರಚಿದ್ದೀಯೆ."

ಮಾರ್ಗದರ್ಶಕರು ನಕ್ಕರು. "ನನಗೆ ಹೇಳಿದ ಧನ್ಯವಾದದಲ್ಲೂ ತಪ್ಪೇ?"

"ನೀವೇ ನೋಡಿ ಸರ್."

"ಬೇಡ ಮೇಡಂ, ನನಗೇ ಕೊಡಿ" ಎಂದು ಅವಳು ಕೈಚಾಚುವಷ್ಟರಲ್ಲಿ ನಾನು ಪುಟವನ್ನು ಅವರಿಗೆ ಕೊಟ್ಟಿದ್ದೆ. ಓದುತ್ತಿದ್ದಂತೆ ಅವರ ನಗು ನಿಂತಿತು. "ಚೆನ್ನಾಗಿ ತಿದ್ದಿದ್ದೀರಿ" ಎಂದು ಪುಟವನ್ನು ಮಡಚಿ ಜೇಬಿಗಿಟ್ಟರು. ಪ್ಲಾಸ್ಟರ್ ಹಾಕಿದ ಕೈಯನ್ನೇ ಹಿಡಿದು ಅವಳನ್ನು ಎಳೆದುಕೊಂಡು ಹೊರಟರು.

ಮರುದಿನ ಪ್ರಯೋಗಾಲಯದಲ್ಲಿ ಅವಳ ಶವ ಸಿಕ್ಕಿತು. ತಲೆ ಒಡೆದಿತ್ತು; ಗೋಡೆಯ ತುಂಬ ರಕ್ತ. ಜಾರಿ ಬಿದ್ದಳೆಂದು ಮಾರ್ಗದರ್ಶಕರು ಹೇಳಿಕೆ ಕೊಟ್ಟರು.

ನಾನು ತಿದ್ದಿದ್ದ ಪುಟದ ಪ್ರತಿ ನನ್ನ ಕಂಪ್ಯೂಟರಿನಲ್ಲಿ ಉಳಿದಿತ್ತು. ಅದನ್ನು ಮೊದಲ ಬಾರಿಗೆ ಓದಿದೆ:

"ನನ್ನ ಕೈ ಮುರಿದವರು ನನ್ನ ಮಾರ್ಗದರ್ಶಕರು. ಮುಂದಿನ ಸರದಿ ತಲೆಯದು ಎಂದಿದ್ದಾರೆ. ಇದನ್ನು ಓದುತ್ತಿರುವವರೇ, ದಯವಿಟ್ಟು ಪೊಲೀಸರಿಗೆ ತಿಳಿಸಿ."