ಆಕಳ ಪಾಲಿನ ರೊಟ್ಟಿ

ಎಲ್ಲರ ಕೈಗಳೂ ಕಲಿತದ್ದನ್ನು ರಾತ್ರಿ ನಿದ್ದೆಯಲ್ಲಿ ಮರೆಯತೊಡಗಿದ ಮೇಲೆ ಊರಿಗೆ ಊರೇ ಮಣಿಕಟ್ಟಿಗೆ ನೆನಪಿನ ಪಟ್ಟಿ ಕಟ್ಟಿಕೊಂಡಿತು. ನೀಲವ್ವ ಮಾತ್ರ ಕಟ್ಟಲಿಲ್ಲ. ಎಷ್ಟೇ ಮರೆತರೂ ಅಂಗೈಯಲ್ಲಿ ಒಂದು ಚಿಟಿಕೆಯಷ್ಟು ಉಳಿಯುತ್ತದೆ ಎಂಬುದು ಅವಳ ಹಟ. ದಿನಾ ಬೆಳಿಗ್ಗೆ ರೊಟ್ಟಿ ಬಡಿಯುವುದನ್ನು ಹೊಸದಾಗಿ ಕಲಿಯುತ್ತಿದ್ದಳು. ಮೊದಲನೆಯದು ಹರಿಯುತ್ತಿತ್ತು, ಅದು ಬಾಗಿಲಿಗೆ ಬರುವ ಆಕಳಿಗೆ.

"ಪಟ್ಟಿ ಕಟ್ಕೋರಿ ಅತ್ತಿ, ಸುಮ್ನ ಹಿಟ್ಟು ಹಾಳಾಗ್ತೈತಿ," ಎಂದು ಸೊಸೆ ಕಸ್ತೂರಿ ಇವತ್ತೂ ಗೊಣಗಿದಳು.

"ಕಟ್ಟಿದ್ರ ನಿನ್ನಿ ಮಾಡಿದಂಗ ಇವತ್ತೂ ಮಾಡ್ತೀನಿ. ಮುಂದ ಹೋಗೂದು ಯಾವಾಗ?"

ಮಾತಾಡುತ್ತಲೇ ಬಡಿದಳು. ಮೊದಲ ರೊಟ್ಟಿ ಹರಿಯದೆ ಹೆಂಚಿಗೆ ಇಳಿದು ದುಂಡಗೆ ಉಬ್ಬಿತು.

"ಅಯ್ಯ, ಬಂತಲ್ರಿ ಅತ್ತಿ!" ಕಸ್ತೂರಿ ಕುಣಿದಾಡಿದಳು.

ನೀಲವ್ವ ನಗಲಿಲ್ಲ. ಎದ್ದಳು, ಕೂತಳು, ಸೆರಗಿಗೆ ಕೈ ಒರೆಸಿಕೊಂಡಳು. ಬಾಗಿಲಲ್ಲಿ ಆಕಳು ಕಾಯುತ್ತಿತ್ತು. ಕಲಿಯುವುದೇ ಉಳಿಯದಿದ್ದರೆ ನಾಳೆ ಬೆಳಿಗ್ಗೆ ಏಳುವುದಾದರೂ ಯಾತಕ್ಕೆ ಎನ್ನಿಸಿತು ಅವಳಿಗೆ. ತಟ್ಟನೆ ದೊಡ್ಡದೊಂದು ಹಿಟ್ಟಿನ ಮುದ್ದೆ ಎತ್ತಿಕೊಂಡು ರೊಟ್ಟಿ ಬಡಿಯುವ ಕಲ್ಲಿನ ಅಂಚು ದಾಟುವವರೆಗೂ ತಟ್ಟಿದಳು. ಎತ್ತುವಾಗ ರೊಟ್ಟಿ ನಡುವೆಯೇ ಹರಿಯಿತು.

ನೀಲವ್ವನ ಮುಖ ಅರಳಿತು. ಹರಿದದ್ದನ್ನು ಬೇಯಿಸಿ ಬಾಗಿಲಿಗೆ ಒಯ್ದಳು.

"ತಗೋ ನಮ್ಮವ್ವ," ಎಂದಳು ಆಕಳಿಗೆ, "ನಾಳಿಗಿ ಕೆಲಸ ಸಿಕ್ತು."